ಒಟ್ಟಿಗೇ ಮಂಕಾಗಿ ಉರಿದ ಎರಡು ದೀಪಗಳು: ಹಳೆಯ ಕಾರೊಂದರ ಪ್ರಕರಣ ಅಧ್ಯಯನ

ಕಾರು, ಮಾಲೀಕರು ಮತ್ತು ಮಳೆಗಾಲ

ಈ ಪ್ರಕರಣದ ಕಾರು 2008ರಲ್ಲಿ ನೋಂದಣಿಯಾದ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ತೊಂದರೆ ಕಾಣಿಸಿಕೊಂಡಾಗ ಅದು ಸುಮಾರು 1.3 ಲಕ್ಷ ಕಿಲೋಮೀಟರ್ ಓಡಿತ್ತು. ಮಾಲೀಕರು ಕರಾವಳಿಯ ಒಂದು ತಾಲ್ಲೂಕು ಕೇಂದ್ರದಲ್ಲಿ ನೆಲೆಸಿರುವ ಅಧ್ಯಾಪಕರು. ಕಾರನ್ನು ಅವರು ಹಳತಾದ ಮೇಲೆ ಬೇರೊಬ್ಬರಿಂದ ಕೊಂಡಿದ್ದರು. ದಿನವೂ ಕಾಲೇಜಿಗೆ ಹೋಗಿಬರುವ ಸಣ್ಣ ಓಡಾಟ, ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಹತ್ತಿ ಮಲೆನಾಡಿನ ಹುಟ್ಟೂರಿಗೆ ಪ್ರಯಾಣ, ಇಷ್ಟೇ ಅದರ ಕೆಲಸ. ಹೆಸರು, ಊರು, ಕಾರಿನ ಮಾದರಿ, ದುರಸ್ತಿ ಮಾಡಿದ ಅಂಗಡಿಗಳ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಮಾಲೀಕರು ಜೋಪಾನವಾಗಿ ಇಟ್ಟುಕೊಂಡಿದ್ದ ಬಿಲ್ಲುಗಳು ಮತ್ತು ಕೊನೆಗೆ ದೋಷ ಪತ್ತೆಹಚ್ಚಿದ ಎಲೆಕ್ಟ್ರಿಷಿಯನ್ ಬರೆದಿಟ್ಟ ಅಳತೆಗಳು ಈ ಬರಹಕ್ಕೆ ಆಧಾರ.

ಎರಡು ಹಿನ್ನೆಲೆಯ ಸಂಗತಿಗಳನ್ನು ಮೊದಲೇ ಹೇಳಿಬಿಡಬೇಕು. ಒಂದು, ಕರಾವಳಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯಲ್ಲಿ ಕಾರಿನ ಬಾಡಿಗಿಂತ ಮೊದಲು ಕೆಡುವುದು ವಿದ್ಯುತ್ ಸಂಪರ್ಕಗಳು. ಬಾಡಿಯ ತುಕ್ಕು ಕಣ್ಣಿಗೆ ಬೀಳುತ್ತದೆ. ತಂತಿಯ ತುದಿಯ ಕ್ಲಿಪ್ಪಿನೊಳಗೆ ಕಟ್ಟಿಕೊಂಡ ಹಸಿರು ಕಿಲುಬು ಯಾರಿಗೂ ಕಾಣುವುದಿಲ್ಲ. ಇನ್ನೊಂದು, ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸಬೇಕು, ಅದಕ್ಕೆ ಮೊದಲು ವಾಹನದ ತಪಾಸಣೆ ಆಗಬೇಕು, ಮತ್ತು 2022ರ ಏಪ್ರಿಲ್‌ನಿಂದ ಆ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತ್ತು. ಆದ್ದರಿಂದ ಮಾಲೀಕರ ಮನಸ್ಸಿನಲ್ಲಿ ಪ್ರತಿಯೊಂದು ದುರಸ್ತಿಯ ಹಿಂದೆಯೂ ಒಂದು ಲೆಕ್ಕಾಚಾರ ನಡೆಯುತ್ತಿತ್ತು: ಈ ಕಾರಿಗೆ ಇನ್ನೂ ಹಣ ಸುರಿಯುವುದೋ, ಸಿಕ್ಕ ಬೆಲೆಗೆ ಕೊಟ್ಟುಬಿಡುವುದೋ. ಮುಂದೆ ಅವರು ತೆಗೆದುಕೊಂಡ ಕೆಲವು ಅವಸರದ ನಿರ್ಧಾರಗಳು ಈ ಲೆಕ್ಕಾಚಾರವಿಲ್ಲದೆ ಅರ್ಥವಾಗುವುದಿಲ್ಲ.

ಕತ್ತಲಾದ ಮೇಲಷ್ಟೇ ಕಾಣುತ್ತಿದ್ದ ದೀಪಗಳು

ಜೂನ್ ತಿಂಗಳ ಮಳೆ ಹಿಡಿದ ಮೇಲೆ, ರಾತ್ರಿ ಕಾರು ಓಡಿಸುವಾಗ ಡ್ಯಾಶ್‌ಬೋರ್ಡಿನಲ್ಲಿ ಎರಡು ಕೆಂಪು ದೀಪಗಳು ಮಂಕಾಗಿ ಉರಿಯುತ್ತಿರುವುದನ್ನು ಮಾಲೀಕರು ಗಮನಿಸಿದರು. ಒಂದು ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ಬ್ರೇಕಿನ ದೀಪ. ಇನ್ನೊಂದು ಬ್ಯಾಟರಿಯ ಚಿತ್ರದ್ದು. ಎರಡೂ ಪೂರ್ತಿ ಬೆಳಗುತ್ತಿರಲಿಲ್ಲ. ಬೂದಿ ಮುಚ್ಚಿದ ಕೆಂಡದಷ್ಟು ಮಾತ್ರ ಕೆಂಪಾಗಿರುತ್ತಿದ್ದವು. ಹ್ಯಾಂಡ್‌ಬ್ರೇಕನ್ನು ಇನ್ನಷ್ಟು ಕೆಳಗೆ ಒತ್ತಿ ನೋಡಿದರು, ವ್ಯತ್ಯಾಸವಾಗಲಿಲ್ಲ. ಬೆಳಿಗ್ಗೆ ನೋಡಿದರೆ ಎರಡೂ ಇಲ್ಲ.

ಹಳೆಯ ಕಾರುಗಳ ವಿಷಯದಲ್ಲಿ ಒಂದು ಮಾತನ್ನು ಇಲ್ಲಿ ವಿವರಿಸಬೇಕು. ಈಗಿನ ಕಾರುಗಳಲ್ಲಿ ಎಚ್ಚರಿಕೆಯ ದೀಪವನ್ನು ಉರಿಸುವುದು ಬಹುಮಟ್ಟಿಗೆ ಕಂಪ್ಯೂಟರಿನ ತೀರ್ಮಾನ; ದೀಪ ಒಂದೋ ಉರಿಯುತ್ತದೆ, ಇಲ್ಲವೋ ಆರಿರುತ್ತದೆ. ಈ ಕಾರಿನಂಥ ಹಳೆಯ ವಿನ್ಯಾಸಗಳಲ್ಲಿ ಹಲವು ದೀಪಗಳು ಸಣ್ಣ ಬಲ್ಬುಗಳು, ಅವು ನೇರವಾಗಿ ಸರ್ಕ್ಯೂಟಿನ ನಡುವೆಯೇ ಕುಳಿತಿರುತ್ತವೆ. ಅದರಲ್ಲೂ ಬ್ಯಾಟರಿಯ ದೀಪದ ಒಂದು ತುದಿಗೆ ಇಗ್ನಿಷನ್ ಸ್ವಿಚ್ಚಿನಿಂದ ಬ್ಯಾಟರಿಯ ವೋಲ್ಟೇಜು ಬರುತ್ತದೆ, ಇನ್ನೊಂದು ತುದಿ ಆಲ್ಟರ್ನೇಟರಿಗೆ, ಅಂದರೆ ಗ್ಯಾರೇಜುಗಳಲ್ಲಿ ಎಲ್ಲರೂ ಡೈನಮೋ ಎಂದು ಕರೆಯುವ ಭಾಗಕ್ಕೆ, ಹೋಗುತ್ತದೆ. ಎಂಜಿನ್ ನಿಂತಿದ್ದಾಗ ಕೀ ತಿರುಗಿಸಿದರೆ ಈ ಬಲ್ಬಿನ ಮೂಲಕ ಹರಿಯುವ ಅಲ್ಪ ವಿದ್ಯುತ್ತೇ ಡೈನಮೋದೊಳಗೆ ತಿರುಗುವ ಭಾಗವಾದ ರೋಟರಿಗೆ ಮೊದಲ ಕಾಂತಶಕ್ತಿ ಕೊಡುತ್ತದೆ. ಎಂಜಿನ್ ಓಡತೊಡಗಿ ಡೈನಮೋ ವಿದ್ಯುತ್ ಉತ್ಪಾದಿಸಿದಾಗ ಬಲ್ಬಿನ ಎರಡೂ ತುದಿಯಲ್ಲಿ ಒಂದೇ ವೋಲ್ಟೇಜು ನಿಂತು ದೀಪ ಆರುತ್ತದೆ. ಎರಡು ತುದಿಗಳ ನಡುವೆ ಸ್ವಲ್ಪವೇ ವ್ಯತ್ಯಾಸ ಉಳಿದರೆ ದೀಪ ಸ್ವಲ್ಪವೇ ಉರಿಯುತ್ತದೆ. ಹೀಗಾಗಿ ಹಳೆಯ ಕಾರಿನಲ್ಲಿ ದೀಪದ ಮಂಕು ಕೂಡ ಒಂದು ಅಳತೆ. ಅದನ್ನು ‘ಬಲ್ಬು ಹಳತಾಗಿದೆ’ ಎಂದು ತಳ್ಳಿಹಾಕುವುದು ಕೈಗೆ ಬಂದ ಮಾಹಿತಿಯನ್ನು ಎಸೆದಂತೆ. ಈ ಪ್ರಕರಣದಲ್ಲಿ ಎರಡು ತಿಂಗಳ ಕಾಲ ಅದೇ ಆಯಿತು.

ಮೊದಲ ಗ್ಯಾರೇಜು: ಚಿತ್ರ ನೋಡಿ ಮಾಡಿದ ದುರಸ್ತಿ

ಎರಡು ದೀಪಗಳಲ್ಲಿ ಮಾಲೀಕರಿಗೆ ಹೆದರಿಕೆ ಹುಟ್ಟಿಸಿದ್ದು ಬ್ರೇಕಿನದು, ಅದು ಸಹಜವೂ ಹೌದು. ಅವರು ಹತ್ತಿರದ ಗ್ಯಾರೇಜಿಗೆ ಹೋಗಿ ‘ಬ್ರೇಕ್ ಲೈಟ್ ಬರುತ್ತಿದೆ’ ಎಂದರು. ಬ್ಯಾಟರಿಯ ದೀಪದ ವಿಷಯ ಹೇಳಿದ್ದರೋ ಇಲ್ಲವೋ ಅವರಿಗೆ ಈಗ ನೆನಪಿಲ್ಲ; ಬಿಲ್ಲಿನಲ್ಲಂತೂ ಅದರ ಉಲ್ಲೇಖವಿಲ್ಲ.

ಬ್ರೇಕಿನ ಕೆಂಪು ದೀಪ ಉರಿಯಲು ಸಾಮಾನ್ಯ ಕಾರಣಗಳು ಹ್ಯಾಂಡ್‌ಬ್ರೇಕ್ ಪೂರ್ತಿ ಬಿಡದಿರುವುದು ಮತ್ತು ಬ್ರೇಕ್ ಆಯಿಲ್ ಕಡಿಮೆಯಾಗಿರುವುದು. ಮೆಕ್ಯಾನಿಕ್ ಡಬ್ಬಿ ನೋಡಿದರು, ಆಯಿಲ್ ಮಧ್ಯದ ಗೆರೆಗಿಂತ ತುಸು ಕೆಳಗಿತ್ತು. ಮೇಲಿನ ಗೆರೆಯವರೆಗೆ ತುಂಬಿಸಿದರು. ಆಯಿಲ್ ಇಳಿದಿರುವುದು ಪ್ಯಾಡುಗಳು ಸವೆದಿರುವುದರಿಂದ ಎಂಬ ಅವರ ಊಹೆ ತಪ್ಪಲ್ಲ. ಪ್ಯಾಡ್ ಸವೆದಂತೆ ಅದನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಬಂದು ಅಲ್ಲಿ ಆಯಿಲ್ ನಿಲ್ಲುತ್ತದೆ, ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಆದರೆ ಅದೇ ಕಾರಣಕ್ಕೆ, ಪ್ಯಾಡ್ ಬದಲಿಸುವುದಿದ್ದರೆ ಮೊದಲು ಆಯಿಲ್ ತುಂಬಿಸಬಾರದು. ಇಲ್ಲಿ ತುಂಬಿಸಿದ ಮೇಲೆ ಪ್ಯಾಡ್ ಬದಲಿಸಲಾಯಿತು, ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆಯಿಲ್ ಡಬ್ಬಿಯಿಂದ ಉಕ್ಕಿ ಎಂಜಿನ್ ಕೋಣೆಯ ಗೋಡೆಯ ಮೇಲೆ ಹರಿಯಿತು. ಬ್ರೇಕ್ ಆಯಿಲ್ ಬಣ್ಣವನ್ನು ಕಿತ್ತುಬಿಡುತ್ತದೆ. ಅಂಗೈಯಗಲದ ಆ ಕಲೆ ಇಂದಿಗೂ ಆ ಕಾರಿನಲ್ಲಿ ಇದೆ.

ಆ ರಾತ್ರಿ ದೀಪ ಮತ್ತೆ ಮಂಕಾಗಿ ಉರಿಯಿತು. ಮರುದಿನ ಸಂಜೆ ಮಾಲೀಕರು ಪುನಃ ಹೋದಾಗ ಮೆಕ್ಯಾನಿಕ್ ಒಂದು ಒಳ್ಳೆಯ ಪರೀಕ್ಷೆ ಮಾಡಿದರು: ಆಯಿಲ್ ಡಬ್ಬಿಯ ಫ್ಲೋಟ್ ಸ್ವಿಚ್ಚಿನ ಪ್ಲಗ್ಗನ್ನೇ ಕಿತ್ತರು. ದೀಪಕ್ಕೆ ಕಾರಣ ಆಯಿಲ್ ಮಟ್ಟವೇ ಆಗಿದ್ದರೆ ಅದು ಆಗ ಆರಬೇಕಿತ್ತು. ಆರಲಿಲ್ಲ. ಹ್ಯಾಂಡ್‌ಬ್ರೇಕಿನ ಸ್ವಿಚ್ಚಿನ ತಂತಿಯನ್ನೂ ಬಿಡಿಸಿದರು, ಆಗಲೂ ಆರಲಿಲ್ಲ.

ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ಕ್ಷಣ ಇದು, ಮತ್ತು ಅದು ಹಾಗೆಯೇ ಕೈತಪ್ಪಿತು. ಬ್ರೇಕಿಗೆ ಸಂಬಂಧಿಸಿದ ಎರಡೂ ಸ್ವಿಚ್ಚುಗಳನ್ನು ಬಿಡಿಸಿದ ಮೇಲೂ ದೀಪ ಉರಿಯುತ್ತಿದೆಯೆಂದರೆ, ಬ್ರೇಕಿಗೆ ಸಂಬಂಧಿಸದ ಮೂರನೆಯ ದಾರಿಯೊಂದರಿಂದ ವಿದ್ಯುತ್ ಹರಿಯುತ್ತಿದೆ ಎಂದೇ ಅರ್ಥ. ಆ ದಾರಿ ಯಾವುದು ಎಂಬ ಪ್ರಶ್ನೆ ಏಳಬೇಕಿತ್ತು. ಮೆಕ್ಯಾನಿಕ್ ‘ಎಲ್ಲೋ ವೈರಿಂಗ್ ಶಾರ್ಟ್ ಆಗಿದೆ, ಮಳೆ ಕಳೆದ ಮೇಲೆ ನೋಡೋಣ, ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆಯಲ್ಲ’ ಎಂದರು. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು. ಮಾಲೀಕರು ಸಮಾಧಾನಪಟ್ಟುಕೊಂಡು ಮರಳಿದರು.

ಹೊಸ ಬ್ಯಾಟರಿ ಕೊಟ್ಟ ಸುಳ್ಳು ನೆಮ್ಮದಿ

ಜುಲೈನಲ್ಲಿ ಬೆಳಗಿನ ಹೊತ್ತು ಸೆಲ್ಫ್ ಎಳೆಯುವುದು ನಿಧಾನವಾಯಿತು. ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟರ್ ಹಾಕಿ ನೋಡಿದರು. ಕೆಲವು ವರ್ಷ ಹಳೆಯದಾದ ಬ್ಯಾಟರಿ ನಿಜಕ್ಕೂ ಸೋತಿತ್ತು. ಹೊಸದನ್ನು ಹಾಕಿದರು. ಅಂಗಡಿಯವರು ಎಂಜಿನ್ ಚಾಲೂ ಮಾಡಿಸಿ ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜ್ ಅಳೆದು, 13.8 ಬಂದದ್ದನ್ನು ತೋರಿಸಿ, ಡೈನಮೋ ಸರಿಯಾಗಿದೆ ಎಂದರು.

ಅಳತೆ ಸರಿಯಾಗಿಯೇ ಇತ್ತು. ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ಇರುವುದು ಆರೋಗ್ಯದ ಲಕ್ಷಣ. ಆದರೆ ಅವರು ಅಳೆದದ್ದು ಹಗಲಿನಲ್ಲಿ, ಹೆಡ್‌ಲೈಟು, ವೈಪರು, ಬ್ಲೋವರು ಎಲ್ಲವೂ ಬಂದ್ ಇದ್ದಾಗ, ಆಗತಾನೇ ಹಾಕಿದ ಪೂರ್ತಿ ಚಾರ್ಜಿನ ಬ್ಯಾಟರಿಯ ಮೇಲೆ. ಹೊರೆ ಇಲ್ಲದಾಗ ಬಲಹೀನ ಡೈನಮೋ ಕೂಡ ಒಳ್ಳೆಯ ಅಂಕಿ ತೋರಿಸಬಲ್ಲದು. ಇನ್ನೂ ಒಂದು ತೊಡಕೆಂದರೆ, ಹೊಸ ಬ್ಯಾಟರಿ ಡೈನಮೋದಿಂದ ಹೆಚ್ಚು ವಿದ್ಯುತ್ ಎಳೆಯದ ಕಾರಣ ಆ ಎರಡು ದೀಪಗಳ ಮಂಕುಬೆಳಕು ಇನ್ನೂ ಕುಗ್ಗಿ, ಕೆಲವು ವಾರ ಕಣ್ಣಿಗೆ ಬೀಳದಂತಾಯಿತು. ಅರ್ಧ ಸರಿಯಾದ ದುರಸ್ತಿ ಪೂರ್ತಿ ತಪ್ಪಾದ ದುರಸ್ತಿಗಿಂತ ಹೆಚ್ಚು ದಾರಿತಪ್ಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ನಡುವೆ ಬಂಧುವೊಬ್ಬರು ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ತಂದು ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರು. ಸಂಪರ್ಕವೇ ಆಗಲಿಲ್ಲ. ‘ಚೆಕ್ ಎಂಜಿನ್ ದೀಪ ಉರಿಯುತ್ತಿಲ್ಲವಲ್ಲ, ದೋಷದ ಕೋಡ್ ಇರಲಾರದು’ ಎಂದು ಇಬ್ಬರೂ ಒಪ್ಪಿಕೊಂಡರು. ನಮ್ಮ ದೇಶದಲ್ಲಿ ಕಾರುಗಳು ತಮ್ಮ ದೋಷಗಳನ್ನು ತಾವೇ ಗುರುತಿಸಿ ದಾಖಲಿಸುವ ಒಬಿಡಿ ವ್ಯವಸ್ಥೆ ಕಡ್ಡಾಯವಾದದ್ದು ಭಾರತ್ ಸ್ಟೇಜ್ 4 ಎಂಬ ಹೊಗೆ ಮಾಲಿನ್ಯದ ನಿಯಮದ ಜೊತೆಗೆ, 2010ರಿಂದ ಹಂತಹಂತವಾಗಿ. ಅದಕ್ಕೂ ಹಿಂದಿನ ಅನೇಕ ಕಾರುಗಳಲ್ಲಿ ಹದಿನಾರು ಪಿನ್ನಿನ ಅದೇ ಸಾಕೆಟ್ ಇದ್ದರೂ ಒಳಗಿನ ಭಾಷೆ ಆಯಾ ತಯಾರಕರದ್ದು. ಅಗ್ಗದ ಸ್ಕ್ಯಾನರಿಗೆ ಉತ್ತರ ಬರಲಿಲ್ಲವೆಂದ ಮಾತ್ರಕ್ಕೆ ದೋಷವಿಲ್ಲ ಎನ್ನಲು ಬರುವುದಿಲ್ಲ. ಚೆಕ್ ಎಂಜಿನ್ ದೀಪ ಉರಿಯದಿದ್ದುದಕ್ಕೆ ಬೇರೆಯದೇ ಕಾರಣವಿತ್ತು, ಅದು ಮುಂದೆ ಬರುತ್ತದೆ.

ಘಾಟಿಯ ಮೇಲೆ

ಆಗಸ್ಟಿನ ಒಂದು ಸಂಜೆ ಮಾಲೀಕರು ಕುಟುಂಬದೊಂದಿಗೆ ಚಾರ್ಮಾಡಿ ಹತ್ತುತ್ತಿದ್ದರು. ಐದು ಗಂಟೆಗೇ ಮಂಜು ಕವಿದು ಹೆಡ್‌ಲೈಟ್ ಬೇಕಾಗಿತ್ತು, ವೈಪರ್ ಬಿಡುವಿಲ್ಲದೆ ಓಡುತ್ತಿತ್ತು, ಗಾಜಿನ ಒಳಬದಿಯ ಹಬೆ ಹೋಗಲು ಎಸಿ ಮತ್ತು ಬ್ಲೋವರ್ ಜೋರಾಗಿ ಹಾಕಿದ್ದರು. ತಿರುವೊಂದರ ಮುಂದೆ ಮರ ಬಿದ್ದು ವಾಹನಗಳು ಸಾಲಾಗಿ ನಿಂತಿದ್ದವು. ಎಂಜಿನ್ ಐಡ್ಲಿಂಗಿನಲ್ಲಿ, ಎಲ್ಲ ಹೊರೆಯೂ ಮೇಲೆ, ಹೀಗೆ ಬಹಳ ಹೊತ್ತು ನಿಂತಾಗ ಎರಡು ಹಳೆಯ ದೀಪಗಳು ಮತ್ತೆ ಕೆಂಪಾದವು, ಈ ಸಲ ಹಿಂದೆಂದಿಗಿಂತ ಸ್ಪಷ್ಟವಾಗಿ. ಆಮೇಲೆ ಹಳದಿ ಬಣ್ಣದ ಎಬಿಎಸ್ ದೀಪ, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆಯ ದೀಪ, ಪೂರ್ತಿ ಬೆಳಗಿತು. ವೈಪರ್ ನಿಧಾನವಾಯಿತು. ಮುಂದಿನ ಕಾರಿನ ಮೇಲೆ ಬೀಳುತ್ತಿದ್ದ ಹೆಡ್‌ಲೈಟಿನ ಬೆಳಕು ಹಳದಿಗೆ ತಿರುಗಿತು.

ಇಲ್ಲಿ ಮಾಲೀಕರು ತೆಗೆದುಕೊಂಡ ನಿರ್ಧಾರಗಳು ಪ್ರಶಂಸೆಗೆ ಅರ್ಹ. ಬ್ಯಾಟರಿಯ ದೀಪ ಸ್ಪಷ್ಟವಾಗಿ ಉರಿದಾಗ ಮೊದಲು ನೋಡಬೇಕಾದದ್ದು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು, ಏಕೆಂದರೆ ಅನೇಕ ಕಾರುಗಳಲ್ಲಿ ಡೈನಮೋ ತಿರುಗಿಸುವ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟು ಹರಿದಿದ್ದರೆ ಚಾರ್ಜಿನ ಜೊತೆಗೆ ತಂಪೂ ಹೋಗುತ್ತದೆ, ಆಗ ಹಾಗೆಯೇ ಘಾಟಿ ಏರುತ್ತ ಹೋದರೆ ಎಂಜಿನ್ ಉಳಿಯಲಾರದು. ಮುಳ್ಳು ಮಧ್ಯದಲ್ಲೇ ಇತ್ತು. ಎಸಿ, ಬ್ಲೋವರ್, ಹಿಂಗಾಜಿನ ಹೀಟರ್, ಸ್ಟೀರಿಯೊ ಎಲ್ಲವನ್ನೂ ಅವರು ಆರಿಸಿದರು. ಕಿಟಕಿ ಒಂದಿಷ್ಟು ಇಳಿಸಿ, ಒಳಗಿನ ಹಬೆಯನ್ನು ಬಟ್ಟೆಯಿಂದ ಒರೆಸುತ್ತ ಲೋ ಬೀಮ್ ಮತ್ತು ವೈಪರ್ ಮಾತ್ರ ಉಳಿಸಿಕೊಂಡರು. ಎಂಜಿನ್ ಬಂದ್ ಮಾಡಲಿಲ್ಲ. ಮಾಡಿದ್ದರೆ ಮತ್ತೆ ಚಾಲೂ ಮಾಡಲು ಬ್ಯಾಟರಿಯಲ್ಲಿ ತ್ರಾಣವಿರಲಿಲ್ಲ. ದಾರಿ ತೆರವಾದ ಮೇಲೆ ಕಡಿಮೆ ಗೇರಿನಲ್ಲಿ ಎಂಜಿನ್ನಿನ ವೇಗ ತುಸು ಏರಿಸಿಕೊಂಡೇ ಹತ್ತಿ ಕೊಟ್ಟಿಗೆಹಾರ ಮುಟ್ಟಿದರು. ಅಲ್ಲಿನ ನೀರುದೋಸೆಗೂ ಇಳಿಯದೆ ನೇರವಾಗಿ ಮನೆ ಸೇರಿದರಂತೆ.

ಇದೇ ಜಾಗದಲ್ಲಿ ಎಣ್ಣೆಬುಡ್ಡಿಯಂಥ ಚಿತ್ರದ ಕೆಂಪು ದೀಪ ಉರಿದಿದ್ದರೆ ಇದೇ ನಿರ್ಧಾರ ಎಂಜಿನ್ನಿಗೆ ಮರಣಶಾಸನವಾಗುತ್ತಿತ್ತು. ಆ ದೀಪ ಹೇಳುವುದು ಎಂಜಿನ್ ಆಯಿಲಿನ ಒತ್ತಡ ಬಿದ್ದುಹೋಗಿದೆ ಎಂದು. ಒತ್ತಡವಿಲ್ಲದೆ ಬೇರಿಂಗುಗಳು ಕೆಲವೇ ನಿಮಿಷಗಳಲ್ಲಿ ಹಾಳಾಗುತ್ತವೆ. ಅದು ಉರಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಬ್ಯಾಟರಿಯ ಕೆಂಪು ದೀಪ ಉರಿದಾಗ, ಬಿಸಿಯ ಮುಳ್ಳು ಏರದಿದ್ದರೆ, ಎಂಜಿನ್ ಆರಿಸಬಾರದು, ಸುರಕ್ಷಿತ ಜಾಗದವರೆಗೆ ಹೊರೆ ಇಳಿಸಿಕೊಂಡು ಹೋಗಬಹುದು. ಎರಡೂ ಕೆಂಪೇ. ಕೆಂಪು ಎಂದರೆ ತಕ್ಷಣ ಗಮನ ಕೊಡಿ, ಹಳದಿ ಎಂದರೆ ಬೇಗ ತೋರಿಸಿ ಎಂಬ ಸಾಮಾನ್ಯ ನಿಯಮ ಸರಿಯೇ ಆದರೂ, ಗಮನ ಕೊಟ್ಟು ಏನು ಮಾಡಬೇಕೆಂಬುದನ್ನು ಬಣ್ಣ ಹೇಳುವುದಿಲ್ಲ.

ಬೆಳಿಗ್ಗೆ ಕಾರು ಚಾಲೂ ಆಗಲಿಲ್ಲ. ದೂರದ ನಗರದ ಒಂದು ವರ್ಕ್‌ಶಾಪಿಗೆ ಫೋನ್ ಮಾಡಿ ಎಬಿಎಸ್ ದೀಪದ ವಿಷಯ ಹೇಳಿದಾಗ, ಎಬಿಎಸ್ ಮಾಡ್ಯೂಲೇ ಹೋಗಿರಬೇಕು ಎಂಬ ಉತ್ತರದ ಜೊತೆಗೆ ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗುವ ಅಂದಾಜು ಬಂತು. ಕಾರನ್ನು ಗುಜರಿಗೆ ಕೊಡುವ ಮಾತು ಮನೆಯಲ್ಲಿ ಎದ್ದದ್ದು ಆಗಲೇ. ಅದಕ್ಕೆ ಮೊದಲು ಪಕ್ಕದ ಪೇಟೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿಗೆ ಒಮ್ಮೆ ತೋರಿಸೋಣ ಎಂದು ಮಾಲೀಕರ ತಂದೆ ಹೇಳಿದರು.

ಅಳತೆಗೆ ಮೊದಲು ಪ್ರಶ್ನೆ

ಎಲೆಕ್ಟ್ರಿಷಿಯನ್ ಬಂದವರೇ ಬಾನೆಟ್ ತೆರೆಯಲಿಲ್ಲ. ಬೇರೆ ಬ್ಯಾಟರಿಯಿಂದ ಚಾಲೂ ಮಾಡಿ, ಅಂಗಡಿಗೆ ಒಯ್ದು ಚಾರ್ಜಿಗೆ ಹಾಕಿ, ಅಷ್ಟರಲ್ಲಿ ಮಾಲೀಕರನ್ನು ಕೂರಿಸಿಕೊಂಡು ಕೇಳಿದರು: ಯಾವ ದೀಪ ಮೊದಲು ಬಂತು, ಯಾವುದರ ಜೊತೆ ಯಾವುದು ಬಂತು, ಆಗ ಏನೇನು ಚಾಲೂ ಇತ್ತು, ಎಂಜಿನ್ನಿನ ವೇಗ ಏರಿಸಿದಾಗ ಏನಾಯಿತು. ರಾತ್ರಿ ಮಾತ್ರ ಬರುತ್ತದೆ ಎಂಬ ಮಾತಿಗೆ ಅವರು ತಕ್ಷಣ ತಲೆಯಾಡಿಸಲಿಲ್ಲ. ರಾತ್ರಿ ಎಂದರೆ ಎರಡು ಸಂಗತಿ: ಹೆಡ್‌ಲೈಟಿನ ಹೊರೆ ಒಂದು, ಮಂಕಾದ ದೀಪ ಕಣ್ಣಿಗೆ ಕಾಣುವಷ್ಟು ಕತ್ತಲೆ ಇನ್ನೊಂದು. ಯಾವುದು ನಿಜವೆಂದು ಬೇರ್ಪಡಿಸಲು ಅವರು ನಡುಹಗಲಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಕಪ್ಪು ಬಟ್ಟೆ ಹೊದಿಸಿ ಅದರೊಳಗೆ ತಲೆ ತೂರಿಸಿದರು. ಎಲ್ಲ ಬಂದ್ ಇದ್ದಾಗಲೂ ಎರಡು ದೀಪಗಳು ನೂಲಿನಷ್ಟು ಕೆಂಪಾಗಿದ್ದವು. ಹೆಡ್‌ಲೈಟ್ ಹಾಕಿದಾಗ ಎರಡೂ ಒಟ್ಟಿಗೇ ಏರಿದವು, ಬ್ಲೋವರ್ ಹಾಕಿದಾಗ ಇನ್ನಷ್ಟು, ಆರಿಸಿದಾಗ ಒಟ್ಟಿಗೇ ಇಳಿದವು. ಹ್ಯಾಂಡ್‌ಬ್ರೇಕ್ ಎಳೆದಾಗ ಬ್ರೇಕಿನ ದೀಪ ಮಾತ್ರ ಪೂರ್ತಿ ಬೆಳಗಿತು, ಬ್ಯಾಟರಿಯದ್ದು ಇದ್ದಂತೆಯೇ ಇತ್ತು.

ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವ ಎರಡು ದೀಪಗಳಿಗೆ ಎಲ್ಲೋ ಒಂದು ಸಮಾನ ತಂತಿ ಇರಬೇಕು. ಆ ತಲೆಮಾರಿನ ಹಲವು ಕಾರುಗಳಲ್ಲಿ ಅದು ಇರುವುದು ಹೀಗೆ: ಕೀ ತಿರುಗಿಸಿದಾಗ ಬ್ರೇಕಿನ ಬಲ್ಬು ಸುಟ್ಟಿಲ್ಲವೆಂದು ಚಾಲಕನಿಗೆ ತೋರಿಸಲು ಅದನ್ನು ಒಂದು ಗಳಿಗೆ ಉರಿಸಬೇಕಲ್ಲ, ಅದಕ್ಕಾಗಿ ಆ ಬಲ್ಬಿನಿಂದ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದರ ಮೂಲಕ ತಂತಿಯೊಂದನ್ನು ಡೈನಮೋದ ದೀಪದ ಟರ್ಮಿನಲ್ಲಿಗೆ ಎಳೆದಿರುತ್ತಾರೆ. ಎಂಜಿನ್ ಚಾಲೂ ಆಗಿ ಡೈನಮೋ ಎದ್ದಾಗ ಬ್ಯಾಟರಿಯ ದೀಪದ ಜೊತೆಗೆ ಬ್ರೇಕಿನದೂ ಆರುತ್ತದೆ. ಡೈನಮೋ ಪೂರ್ತಿ ಏಳದಿದ್ದರೆ ಎರಡೂ ಮಂಕಾಗಿ ಉಳಿಯುತ್ತವೆ. ಜೂನ್ ತಿಂಗಳಲ್ಲಿ ಎರಡು ಸ್ವಿಚ್ಚು ಕಿತ್ತರೂ ಆರದ ದೀಪಕ್ಕೆ ಇದ್ದ ಮೂರನೆಯ ದಾರಿ ಇದು. ಬ್ರೇಕಿನಲ್ಲಿ ಮೊದಲಿನಿಂದಲೂ ಯಾವ ದೋಷವೂ ಇರಲಿಲ್ಲ.

ಆಮೇಲೆ ಮಲ್ಟಿಮೀಟರ್ ಹೊರಬಂತು. ಐಡ್ಲಿಂಗಿನಲ್ಲಿ ಹೊರೆಯಿಲ್ಲದೆ 13.7 ವೋಲ್ಟ್. ಹೆಡ್‌ಲೈಟ್, ವೈಪರ್, ಬ್ಲೋವರ್ ಹಾಕಿದಾಗ 12.2, ಅಂದರೆ ಕಾರು ಆಗ ಬ್ಯಾಟರಿಯನ್ನೇ ತಿನ್ನುತ್ತಿತ್ತು. ಮೀಟರನ್ನು ಎಸಿ, ಅಂದರೆ ಪರ್ಯಾಯ ವಿದ್ಯುತ್ತಿನ, ವೋಲ್ಟೇಜಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಹಿಡಿದಾಗ 1.1 ವೋಲ್ಟ್ ಅಲೆ ಕಂಡಿತು. ಡೈನಮೋ ಉತ್ಪಾದಿಸುವುದು ಮೂರು ಫೇಸಿನ ಪರ್ಯಾಯ ವಿದ್ಯುತ್ತನ್ನು. ಅದನ್ನು ನೇರ ವಿದ್ಯುತ್ತಾಗಿ ಮಾಡುವುದು ಒಳಗಿನ ಡಯೋಡುಗಳ ತಟ್ಟೆ. ಎಲ್ಲ ಡಯೋಡುಗಳೂ ಸರಿಯಿದ್ದರೆ ಈ ಅಲೆ ಅತ್ಯಲ್ಪ. ಅರ್ಧ ವೋಲ್ಟು ದಾಟಿದರೆ ಡಯೋಡನ್ನು ಸಂಶಯಿಸಬೇಕು. ಕೊನೆಗೆ ಎಂಜಿನ್ ಬ್ಲಾಕಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ಹೊರೆಯಿದ್ದಾಗ ಅಳೆದರು, 0.6 ವೋಲ್ಟ್ ಅಲ್ಲಿಯೇ ಸೋರಿಹೋಗುತ್ತಿತ್ತು. ಇರಬೇಕಾದದ್ದು ಅದರ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ.

ಹೀಗೆ ದೋಷಗಳು ಎರಡಾದವು: ಡೈನಮೋದ ಡಯೋಡು ಒಂದು, ಎಂಜಿನ್ನಿನಿಂದ ಬ್ಯಾಟರಿಗೆ ವಿದ್ಯುತ್ ಮರಳುವ ದಾರಿಯಾದ ಅರ್ತು ಇನ್ನೊಂದು. ಇಲ್ಲಿ ಅವರು ಮಾಡಿದ ಆಯ್ಕೆಯನ್ನು ಗಮನಿಸಬೇಕು. ಎರಡನ್ನೂ ಒಟ್ಟಿಗೆ ಸರಿಪಡಿಸುವುದು ಸುಲಭವಿತ್ತು. ಅವರು ಅಗ್ಗದ್ದನ್ನು ಮೊದಲು ಮಾಡಿ, ಪುನಃ ಅಳೆದು, ಆಮೇಲೆ ಮುಂದಕ್ಕೆ ಹೋದರು. ಅರ್ತಿನ ಪಟ್ಟಿಯನ್ನು ಬಿಚ್ಚಿದಾಗ ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದ ಅದರ ತುದಿಯ ಕ್ಲಿಪ್ಪು ಕೈಯಲ್ಲೇ ಕಳಚಿತು. ಒಳಗಿನ ಎಳೆಗಳು ಹಸಿರು ಪುಡಿಯಾಗಿದ್ದವು. ಹೊಸ ಪಟ್ಟಿ ಹಾಕಿ, ಬೋಲ್ಟಿನ ಜಾಗವನ್ನು ಉಜ್ಜಿ ಬೆಳಗಿಸಿ, ಮೇಲೆ ವ್ಯಾಸಲಿನ್ ಹಚ್ಚಿದ ಬಳಿಕ ಹೊರೆಯಿದ್ದಾಗಿನ ವೋಲ್ಟೇಜು 12.7ಕ್ಕೆ ಏರಿತು. ಅಲೆ ಕಡಿಮೆಯಾಗಲಿಲ್ಲ, ದೀಪಗಳೂ ಆರಲಿಲ್ಲ. ಆಗ ಮಾತ್ರ ಡೈನಮೋ ಇಳಿಸಿದರು. ಡಯೋಡ್ ತಟ್ಟೆಯಲ್ಲಿ ಒಂದರ ಬೆಸುಗೆ ಬಿರುಕುಬಿಟ್ಟಿತ್ತು, ಕಾರ್ಬನ್ ಬ್ರಷ್ಷುಗಳು ಬಹುತೇಕ ಸವೆದಿದ್ದವು. ಹೊಸ ಡೈನಮೋ ಬೇಡವೆಂದು ತಟ್ಟೆ, ಬ್ರಷ್ಷು ಮತ್ತು ಬೇರಿಂಗುಗಳನ್ನಷ್ಟೇ ಬದಲಿಸಲಾಯಿತು. ಪುನಃ ಜೋಡಿಸಿದಾಗ ಹೊರೆಯಿಲ್ಲದೆ 14.2, ಎಲ್ಲ ಹೊರೆಯೊಂದಿಗೆ 13.6, ಅಲೆ 0.05ರ ಆಸುಪಾಸು. ಕಪ್ಪು ಬಟ್ಟೆಯೊಳಗೂ ದೀಪಗಳು ಕಾಣಲಿಲ್ಲ. ಬಿಲ್ಲು ಜುಲೈನಲ್ಲಿ ಕೊಂಡ ಬ್ಯಾಟರಿಯ ಬೆಲೆಗಿಂತ ಕಡಿಮೆಯಾಯಿತು.

ಎಬಿಎಸ್ ದೀಪಕ್ಕೆ ಯಾರೂ ಏನೂ ಮಾಡಲಿಲ್ಲ. ಅದು ತಾನಾಗಿ ಆರಿತು. ವೋಲ್ಟೇಜು ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಎಬಿಎಸ್ ಕಂಪ್ಯೂಟರ್ ತನ್ನನ್ನು ತಾನೇ ನಿಷ್ಕ್ರಿಯಗೊಳಿಸಿ ದೀಪ ಹಚ್ಚುತ್ತದೆ, ವಿದ್ಯುತ್ ಸರಿಯಾದ ಮೇಲೆ ಮುಂದಿನ ಚಾಲನೆಯಲ್ಲಿ ಎದ್ದುನಿಲ್ಲುತ್ತದೆ. ಮಾಡ್ಯೂಲ್ ಕೆಟ್ಟಿರಲಿಲ್ಲ. ಆದರೂ ಆ ಹೊತ್ತಿನಲ್ಲಿ ಎಬಿಎಸ್ ಕೆಲಸ ಮಾಡುತ್ತಿರಲಿಲ್ಲ ಎಂಬುದು ನಿಜ. ಬ್ರೇಕ್ ಒತ್ತಿದರೆ ಕಾರು ನಿಲ್ಲುತ್ತಿತ್ತು, ಜೋರಾಗಿ ಒತ್ತಿದರೆ ಒದ್ದೆ ರಸ್ತೆಯಲ್ಲಿ ಚಕ್ರ ಕಚ್ಚಿಕೊಂಡು ಜಾರುವ ಸಾಧ್ಯತೆ ಇತ್ತು.

ಉರಿಯದಿದ್ದ ದೀಪ

ಎಲೆಕ್ಟ್ರಿಷಿಯನ್ ಮೊದಲ ದಿನವೇ ಇನ್ನೊಂದನ್ನು ಗಮನಿಸಿದ್ದರು. ಎಂಜಿನ್ ಚಾಲೂ ಮಾಡದೆ ಕೀ ತಿರುಗಿಸಿದಾಗ ಎಲ್ಲ ಎಚ್ಚರಿಕೆಯ ದೀಪಗಳೂ ಒಮ್ಮೆ ಉರಿಯಬೇಕು. ಆಯಿಲ್, ಬ್ಯಾಟರಿ, ಬ್ರೇಕ್, ಎಬಿಎಸ್ ಉರಿದವು. ಚೆಕ್ ಎಂಜಿನ್ ಉರಿಯಲಿಲ್ಲ. ಮೀಟರಿನ ಕ್ಲಸ್ಟರ್ ಬಿಚ್ಚಿ ನೋಡಿದರೆ ಆ ಜಾಗದ ಹೋಲ್ಡರಿನಲ್ಲಿ ಬಲ್ಬೇ ಇರಲಿಲ್ಲ. ಬಲ್ಬು ಸುಟ್ಟಿದ್ದರೆ ಗಾಜು ಕಪ್ಪಾಗಿ ಅಲ್ಲೇ ಇರಬೇಕಿತ್ತು; ಅದು ತಾನಾಗಿ ಹೊರಗೆ ನಡೆದುಹೋಗುವುದಿಲ್ಲ. ತೆಗೆದವರು ಯಾರು, ಯಾವಾಗ ಎಂದು ಹೇಳುವ ಯಾವ ಸಾಕ್ಷ್ಯವೂ ಇಲ್ಲ. ಹಳೆಯ ಕಾರುಗಳ ವ್ಯಾಪಾರದಲ್ಲಿ ಇದು ನಡೆಯುವುದುಂಟು ಎಂಬುದನ್ನು ಮಾತ್ರ ಹೇಳಬಲ್ಲೆ. ಕೊಳ್ಳುವವರು ಉರಿಯುವ ದೀಪಗಳನ್ನು ಎಣಿಸುತ್ತಾರೆ. ಕೀ ತಿರುಗಿಸಿದ ಮೊದಲ ಎರಡು ಕ್ಷಣದಲ್ಲಿ ಉರಿಯದೆ ಉಳಿದವನ್ನು ಎಣಿಸುವವರು ಕಡಿಮೆ.

ಹೊಸ ಬಲ್ಬು ಹಾಕಿದೊಡನೆ, ಎಂಜಿನ್ ಚಾಲೂ ಆದ ಮೇಲೂ ಆ ಹಳದಿ ದೀಪ ಉರಿಯುತ್ತಲೇ ಇತ್ತು. ಹಲವು ತಯಾರಕರ ಕಾರುಗಳನ್ನು ಓದಬಲ್ಲ ಸ್ಕ್ಯಾನರ್ ಇದ್ದ ಇನ್ನೊಂದು ಅಂಗಡಿಯಲ್ಲಿ ಎರಡು ಕೋಡುಗಳು ಸಿಕ್ಕವು: ಪಿ0562, ಅಂದರೆ ವ್ಯವಸ್ಥೆಯ ವೋಲ್ಟೇಜು ಕಡಿಮೆ, ಮತ್ತು ಪಿ0133, ಅಂದರೆ ಹೊಗೆಯಲ್ಲಿನ ಆಮ್ಲಜನಕ ಅಳೆದು ಪೆಟ್ರೋಲಿನ ಪ್ರಮಾಣ ಹೊಂದಿಸಲು ನೆರವಾಗುವ ಮುಂದಿನ ಆಕ್ಸಿಜನ್ ಸೆನ್ಸರಿನ ಪ್ರತಿಕ್ರಿಯೆ ನಿಧಾನ. ಅಳಿಸುವ ಮೊದಲು ಎರಡನ್ನೂ ಬರೆದಿಟ್ಟುಕೊಂಡರು. ಇದು ಸಣ್ಣ ಮಾತಾದರೂ ಮುಖ್ಯ. ಕೋಡ್ ಅಳಿಸಿದರೆ, ಅಥವಾ ಬ್ಯಾಟರಿಯ ತಂತಿ ಬಿಚ್ಚಿ ‘ರೀಸೆಟ್’ ಮಾಡಿದರೆ, ದೋಷ ಹುಟ್ಟಿದ ಹೊತ್ತಿನ ಮಾಹಿತಿಯೂ ಅದರೊಂದಿಗೆ ಹೋಗುತ್ತದೆ. ಅಳಿಸಿ ಕೆಲವು ದಿನ ಓಡಿಸಿದಾಗ ಮೊದಲನೆಯದು ಬರಲಿಲ್ಲ, ಎರಡನೆಯದು ಮರಳಿತು. ಮೈಲೇಜ್ ಇಳಿದಿದೆ ಎಂದು ಮಾಲೀಕರು ಬಹಳ ಹಿಂದಿನಿಂದ ಹೇಳುತ್ತಿದ್ದರು. ಅದನ್ನು ಕಾರಿನ ವಯಸ್ಸಿನ ತಲೆಗೆ ಕಟ್ಟಲಾಗಿತ್ತು. ಸೆನ್ಸರ್ ಬದಲಿಸಿದ ಮೇಲೆ ದೀಪ ಆರಿ, ಮೈಲೇಜೂ ತಕ್ಕಮಟ್ಟಿಗೆ ಸುಧಾರಿಸಿತು.

ಸರ್ವಿಸ್ ನೆನಪಿಸುವ ಸ್ಪ್ಯಾನರ್ ಗುರುತಿನ ಬಗ್ಗೆ ಮಾಲೀಕರಿಗೆ ಇದ್ದ ತಪ್ಪು ತಿಳಿವಳಿಕೆಯೊಂದು ಈ ನೆಪದಲ್ಲಿ ಹೊರಬಂತು. ಅದು ಕಾಣಿಸಿಕೊಂಡಿಲ್ಲವಾದ್ದರಿಂದ ಕಾರು ಚೆನ್ನಾಗಿದೆ ಎಂದು ಅವರು ನಂಬಿದ್ದರು. ಈ ಬಗೆಯ ಹಳೆಯ ಕಾರಿನಲ್ಲಿ ಅದು ಕಿಲೋಮೀಟರ್ ಎಣಿಸುವ ಗಡಿಯಾರವಷ್ಟೇ. ಆಯಿಲ್ ಹೇಗಿದೆಯೆಂದು ಅದಕ್ಕೆ ಗೊತ್ತಿಲ್ಲ, ಆಯಿಲ್ ಬದಲಿಸದೆಯೂ ಅದನ್ನು ಸೊನ್ನೆಗೆ ತರಬಹುದು. ದಿನವೂ ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಮುಗಿಯುವ ಓಡಾಟಕ್ಕೆ ಕಿಲೋಮೀಟರಿಗಿಂತ ತಿಂಗಳ ಲೆಕ್ಕವೇ ಸರಿಯೆಂದು ಎಲೆಕ್ಟ್ರಿಷಿಯನ್ ಹೇಳಿದರು. ಮಾಲೀಕರು ಆಗಿನಿಂದ ವರ್ಷಕ್ಕೊಮ್ಮೆ ಆಯಿಲ್ ಬದಲಿಸುತ್ತಿದ್ದಾರೆ.

ನನಗೆ ಈ ಪ್ರಕರಣದಲ್ಲಿ ಕಳವಳ ಹುಟ್ಟಿಸುವ ಸಂಗತಿ ಖರ್ಚಾದ ಹಣವಲ್ಲ. ಎರಡು ತಿಂಗಳ ಕಾಲ ಮಾಲೀಕರು ಬ್ರೇಕಿನ ಕೆಂಪು ದೀಪದ ಜೊತೆ ಬದುಕಲು ಕಲಿತರು. ಆ ಅವಧಿಯಲ್ಲಿ ಎಲ್ಲಾದರೂ ಬ್ರೇಕ್ ಪೈಪು ನಿಜವಾಗಿ ಸೋರಿದ್ದರೆ ದೀಪ ಪೂರ್ತಿ ಬೆಳಗುತ್ತಿತ್ತು. ಅದನ್ನು ಹಳೆಯ ಮಂಕುದೀಪವೇ ಎಂದುಕೊಳ್ಳದೆ ಅವರು ನಿಲ್ಲಿಸುತ್ತಿದ್ದರೇ ಎಂದು ಕೇಳಿದಾಗ ಅವರು ಖಚಿತವಾಗಿ ಹೌದು ಎನ್ನಲಿಲ್ಲ. ಮೊದಲ ಗ್ಯಾರೇಜು ಹೇಳಿದ ‘ವೈರಿಂಗ್ ಶಾರ್ಟ್’ ಎಂಬ ಮಾತಿನ ನಿಜವಾದ ಹಾನಿ ಇಲ್ಲಿದೆ.

ನೋಂದಣಿ ನವೀಕರಣಕ್ಕೆ ಕಾರನ್ನು ಕೊಂಡೊಯ್ಯುವ ನಿರ್ಧಾರವನ್ನು ಮಾಲೀಕರು ಆ ತಿಂಗಳೇ ಮಾಡಿದರು, 2023ರಲ್ಲಿ ಅದು ಆಯಿತು. ಗೇರ್‌ಬಾಕ್ಸಿನಿಂದ ಕಾರಿನ ಬಾಡಿಯ ಕಡೆಗೆ ಹೋಗುವ ಎರಡನೆಯ ಅರ್ತಿನ ಪಟ್ಟಿಯನ್ನು ಮಾತ್ರ ಬದಲಿಸಿಲ್ಲ. ಅದರಲ್ಲಿ ಹೊರೆಯಿದ್ದಾಗ 0.15 ವೋಲ್ಟ್ ಸೋರುತ್ತಿತ್ತು, ಸದ್ಯಕ್ಕೆ ತೊಂದರೆಯಿಲ್ಲದ ಅಂಕಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಳೆದು, 0.2 ದಾಟಿದರೆ ಬದಲಿಸುವುದೆಂದು ಎಲೆಕ್ಟ್ರಿಷಿಯನ್ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟಿದ್ದಾರೆ.